ಒಂದು ಸಲಾಯಿನ್ ಬಾಟಲಿಯಲ್ಲಿ ಅರ್ಧ ರೊಟ್ಟಿಯೂ ಇರುವುದಿಲ್ಲ

ನಮ್ಮ ಕಡೆ ಯಾರಾದರೂ ಆಸ್ಪತ್ರೆ ಸೇರಿದರೆ, ನೋಡಲು ಬಂದವರು ಮೊದಲು ಕೇಳುವುದು ಒಂದೇ ಮಾತು. "ಸಲಾಯಿನ್ ಹಚ್ಚ್ಯಾರೇನು?" ಹಚ್ಚಿದ್ದಾರೆ ಅಂದರೆ ಎಲ್ಲರಿಗೂ ಸಮಾಧಾನ. ಬಾಟಲಿ ಹನಿ ಹನಿಯಾಗಿ ಇಳಿಯುತ್ತಿದೆ, ಹಂಗಾದರೆ ಹೊಟ್ಟೆಗೆ ಏನೋ ಬೀಳುತ್ತಿದೆ ಅಂತ.

ನಾನು ಬೆಳಗಾವಿಯಲ್ಲಿ ಡಯಟಿಷಿಯನ್ ಆಗಿ ಕೆಲಸ ಮಾಡುತ್ತೇನೆ. ಬಾಟಲಿಯ ಲೆಕ್ಕವನ್ನು ದಿನಕ್ಕೆ ಒಮ್ಮೆಯಾದರೂ ಯಾರಿಗಾದರೂ ಬಿಡಿಸಿ ಹೇಳಬೇಕಾಗುತ್ತದೆ. 500 ಮಿ.ಲೀ. ಇರುವ 5 ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಅದರಿಂದ ಸಿಗುವುದು ಸುಮಾರು 85 ಕ್ಯಾಲೊರಿ. 60 ಗ್ರಾಂ ಹಿಟ್ಟಿನಲ್ಲಿ ಬಡಿದ ಒಂದು ಜೋಳದ ರೊಟ್ಟಿಯಲ್ಲಿ 200 ಕ್ಯಾಲೊರಿ ಇರುತ್ತದೆ. ಅಂದರೆ ಒಂದು ಬಾಟಲಿ ಅರ್ಧ ರೊಟ್ಟಿಗೂ ಸಮ ಅಲ್ಲ. ಬರೀ ಉಪ್ಪುನೀರಿನ ಬಾಟಲಿಯಾದರೆ ಕ್ಯಾಲೊರಿ ಸೊನ್ನೆ. ಪ್ರೋಟೀನ್ ಅಂತೂ ಎರಡರಲ್ಲೂ ಇಲ್ಲ.

ಸಲಾಯಿನ್ ಬೇಡ ಅಂತ ನಾನು ಹೇಳುತ್ತಿಲ್ಲ. ವಾಂತಿ ಭೇದಿಯಾಗಿ ನೀರು ಹೋದಾಗ, ರಕ್ತದೊತ್ತಡ ಬಿದ್ದಾಗ ಅದು ಜೀವ ಉಳಿಸುತ್ತದೆ. ಅದು ಕೊಡುವುದು ನೀರು ಮತ್ತು ಲವಣ. ಊಟ ಬೇರೆ. ಬಾಯಿಂದ ಊಟ ಮಾಡಲಾಗದ ರೋಗಿಗೆ ಆ ಊಟವನ್ನು ಹೇಗೆ ಕೊಡಬೇಕು, ಎಷ್ಟು ಕೊಡಬೇಕು, ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಅದನ್ನು ಯಾರು ನೋಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಜಮಖಂಡಿ ಕಡೆಯ ಒಂದು ಹಳ್ಳಿಯಿಂದ ಒಬ್ಬ ಅಜ್ಜನನ್ನು ಕರೆತಂದರು. ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದು ಏಳು ವಾರ ಆಗಿತ್ತು. ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಆಗಿ, ಮೂಗಿನಲ್ಲಿ ಊಟ ಹಾಕುವ ಟ್ಯೂಬ್ ಇಟ್ಟುಕೊಂಡೇ ಮನೆಗೆ ಹೋಗಿದ್ದರು. ಲಕ್ವಾ ಹೊಡೆಯುವ ಮುಂಚೆ ತೂಕ 55 ಕೆ.ಜಿ. ನಮ್ಮ ಹತ್ತಿರ ಬಂದಾಗ 46. ಕೆನ್ನೆ ಒಳಗೆ ಹೋಗಿತ್ತು, ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಶುರುವಾಗಿತ್ತು. ಡಿಸ್ಚಾರ್ಜ್ ಚೀಟಿಯಲ್ಲಿ ಬಿಪಿ ಗುಳಿಗೆ, ರಕ್ತ ತೆಳುವಾಗಿಸುವ ಗುಳಿಗೆ, ಯಾವ ಹೊತ್ತಿಗೆ ಯಾವುದು ಎಲ್ಲ ಇತ್ತು. ಊಟದ ಬಗ್ಗೆ ಇದ್ದದ್ದು ಒಂದೇ ಸಾಲು. ಟ್ಯೂಬ್ ಫೀಡ್ ಮುಂದುವರಿಸಿ.

ಮಗ ನನ್ನ ಮುಂದೆ ನಿಂತು ಕೇಳಿದ. "ಅಕ್ಕಾರ, ದಿನಾ ಆರು ಸಲ ಗಂಜಿ ಹಾಕೇವ್ರಿ. ರಾತ್ರಿ ಎದ್ದು ಹಾಕೇವಿ, ಒಂದು ಹೊತ್ತೂ ತಪ್ಪಿಸಿಲ್ಲ. ಆದ್ರೂ ಅಪ್ಪ ಯಾಕ ಹಿಂಗ ಸೊರಗ್ಯಾನ್ರಿ?"

ಗಂಜಿಗೆ ಏನೇನು ಹಾಕುತ್ತೀರಿ ಅಂತ ಕೇಳಿದೆ. ಟ್ಯೂಬ್ ಕಟ್ಟಿಕೊಳ್ಳಬಾರದು ಅಂತ ತೆಳ್ಳಗೆ ಮಾಡುತ್ತಿದ್ದರು. ಒಂದು ಸಲಕ್ಕೆ ಎರಡು ಚಮಚ ಜೋಳದ ಹಿಟ್ಟು, ಚಿಟಿಕೆ ಉಪ್ಪು, ಉಳಿದದ್ದೆಲ್ಲ ನೀರು. ಎರಡು ಚಮಚ ಅಂದರೆ 20 ಗ್ರಾಂ ಹಿಟ್ಟು, 70 ಕ್ಯಾಲೊರಿ. ಆರು ಸಲಕ್ಕೆ 420. ಪ್ರೋಟೀನ್ ದಿನಕ್ಕೆ 12 ಗ್ರಾಂ. ಆ ಅಜ್ಜನಿಗೆ ಬೇಕಾಗಿದ್ದು ಎಷ್ಟು? ಹಾಸಿಗೆ ಹಿಡಿದ ದೊಡ್ಡವರಿಗೆ ಸಾಮಾನ್ಯವಾಗಿ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 25ರಿಂದ 30 ಕ್ಯಾಲೊರಿ ಅಂತ ಹಿಡಿಯುತ್ತೇವೆ. 55 ಕೆ.ಜಿ. ಆಳಿಗೆ 1375ರಿಂದ 1650. ಪ್ರೋಟೀನ್ ಕೆ.ಜಿ.ಗೆ 1.2 ಗ್ರಾಂ ಹಿಡಿದರೂ 66 ಗ್ರಾಂ. ಮಗ ಇಷ್ಟು ದಿನ ನಿದ್ದೆಗೆಟ್ಟು ಅಪ್ಪನಿಗೆ ಕೊಟ್ಟಿದ್ದು ಬೇಕಾದದ್ದರ ಮೂರನೇ ಒಂದು ಪಾಲೂ ಇರಲಿಲ್ಲ.

ಅವನ ತಪ್ಪು ಏನಿತ್ತು ಹೇಳಿ? ಯಾರೂ ಅವನಿಗೆ ಅಳತೆ ಹೇಳಿರಲಿಲ್ಲ. ಟ್ಯೂಬ್ ಹಾಕುವುದು ಹತ್ತು ನಿಮಿಷದ ಕೆಲಸ. ಅದರಲ್ಲಿ ಏನು ಹಾಕಬೇಕು, ಎಷ್ಟು, ಯಾರು ಹಾಕಬೇಕು, ಎಲ್ಲಿಯತನಕ ಅನ್ನುವುದಕ್ಕೆ ಹೊಣೆ ಹೊರುವ ಒಬ್ಬರು ಬೇಕು. ಆ ಒಬ್ಬರು ಇಲ್ಲದಾಗಲೇ ರೋಗಿ ಟ್ಯೂಬ್ ಇದ್ದೂ ಉಪವಾಸ ಬೀಳುವುದು.

ಆಸ್ಪತ್ರೆಯ ಒಳಗೂ ಇದೇ ಕಥೆ. ಡಾಕ್ಟರು ರೋಗ ನೋಡುತ್ತಾರೆ. ನರ್ಸ್ ಕೈಯಲ್ಲಿ ಇಪ್ಪತ್ತು ಹಾಸಿಗೆ. ಅಡುಗೆಮನೆಯಿಂದ ಎಲ್ಲರಿಗೂ ಒಂದೇ ಊಟ ಬರುತ್ತದೆ. ರೋಗಿ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾನೆ, ತಟ್ಟೆ ವಾಪಸ್ ಹೋಗುತ್ತದೆ. ಅದನ್ನು ಯಾರೂ ಬರೆದಿಡುವುದಿಲ್ಲ. ನಾಳೆ ಸ್ಕ್ಯಾನ್ ಇದೆ, ಖಾಲಿ ಹೊಟ್ಟೆಯಲ್ಲಿರಿ ಅನ್ನುತ್ತಾರೆ. ಸ್ಕ್ಯಾನ್ ಮಾರನೇ ದಿನಕ್ಕೆ ಹೋಗುತ್ತದೆ. ಮತ್ತೆ ಖಾಲಿ ಹೊಟ್ಟೆ. ಹೀಗೆ ನಾಲ್ಕು ದಿನ ಕಳೆದದ್ದು ಗೊತ್ತೇ ಆಗುವುದಿಲ್ಲ. ಗುಳಿಗೆ ಒಂದು ಹೊತ್ತು ತಪ್ಪಿದರೆ ಚಾರ್ಟಿನಲ್ಲಿ ಕೆಂಪು ಗುರುತು ಬೀಳುತ್ತದೆ. ಊಟ ನಾಲ್ಕು ದಿನ ತಪ್ಪಿದರೆ ಯಾವ ಗುರುತೂ ಇಲ್ಲ. ಇದು ನನಗೆ ಈಗಲೂ ಸಂಕಟ ಆಗುವ ವಿಷಯ.

ಇದಕ್ಕೆ ದಾರಿ ಇದೆ, ಹೊಸದೂ ಅಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್ 2006ರಲ್ಲೇ ಇದರ ಬಗ್ಗೆ ಪೂರ್ತಿ ಮಾರ್ಗಸೂಚಿ ಹೊರಡಿಸಿತು. ಆಸ್ಪತ್ರೆ ಸೇರಿದ ಪ್ರತಿಯೊಬ್ಬರನ್ನೂ ಸೇರಿದಾಗ ಒಮ್ಮೆ, ಆಮೇಲೆ ವಾರಕ್ಕೊಮ್ಮೆ ಪೌಷ್ಟಿಕತೆಗಾಗಿ ತಪಾಸಣೆ ಮಾಡಬೇಕು. ಡಾಕ್ಟರು, ಡಯಟಿಷಿಯನ್, ಇದಕ್ಕೆಂದೇ ತರಬೇತಿ ಪಡೆದ ನರ್ಸ್, ಫಾರ್ಮಸಿಸ್ಟ್ ಸೇರಿದ ಒಂದು ತಂಡ ಇರಬೇಕು. ದೊಡ್ಡ ಆಸ್ಪತ್ರೆಗೆ ಅದು ಸುಲಭ. ತಾಲ್ಲೂಕು ಆಸ್ಪತ್ರೆಯಲ್ಲಿ ಅಷ್ಟು ಜನ ಸಿಗುವುದಿಲ್ಲ, ನಿಜ. ಆದರೆ ಒಬ್ಬ ಡಾಕ್ಟರು, ಒಬ್ಬ ನರ್ಸ್ ಸೇರಿ "ಟ್ಯೂಬ್ ಇರುವ ಎಲ್ಲ ರೋಗಿಗಳ ಊಟ ನಮ್ಮ ಲೆಕ್ಕ" ಅಂತ ಒಪ್ಪಿಕೊಂಡರೂ ಅರ್ಧ ಕೆಲಸ ಆದಂತೆ.

ತಪಾಸಣೆ ಅಂದರೆ ರಕ್ತ ಪರೀಕ್ಷೆ ಅಂದುಕೊಳ್ಳಬೇಡಿ. ಮೂರು ಪ್ರಶ್ನೆ ಸಾಕು. ಎತ್ತರಕ್ಕೆ ತಕ್ಕ ತೂಕ ಇದೆಯಾ? ಕಳೆದ ಮೂರರಿಂದ ಆರು ತಿಂಗಳಲ್ಲಿ ಬೇಕಂತ ಇಳಿಸದೇ ತೂಕ ಇಳಿದಿದೆಯಾ? ಐದು ದಿನಕ್ಕಿಂತ ಜಾಸ್ತಿ ಹೊಟ್ಟೆಗೆ ಏನೂ ಇಲ್ಲದಂತಾಗಿದೆಯಾ, ಇಲ್ಲವೇ ಆಗುವ ಹಾಗಿದೆಯಾ? ಎದ್ದು ನಿಲ್ಲಲಾಗದ ರೋಗಿಯನ್ನು ತೂಗುವುದು ಕಷ್ಟ. ಆಗ ಭುಜ ಮತ್ತು ಮೊಣಕೈ ನಡುವಿನ ಜಾಗದಲ್ಲಿ ತೋಳಿನ ಸುತ್ತಳತೆ ಟೇಪಿನಿಂದ ಅಳೆಯುತ್ತೇವೆ. ದೊಡ್ಡವರಲ್ಲಿ ಅದು 23.5 ಸೆ.ಮೀ.ಗಿಂತ ಕಡಿಮೆ ಇದ್ದರೆ ತೂಕ ಕಡಿಮೆ ಇರುವ ಸಂಭವ ಜಾಸ್ತಿ. ಹೆಣ್ಣುಮಕ್ಕಳಲ್ಲಿ ನಾನು ಬಳೆ ನೋಡುತ್ತೇನೆ. ಮಣಿಕಟ್ಟಿನಲ್ಲಿ ನಿಲ್ಲುತ್ತಿದ್ದ ಬಳೆ ಕೈ ಎತ್ತಿದಾಗ ಮೊಣಕೈತನಕ ಜಾರಿದರೆ, ಪುಸ್ತಕದಲ್ಲಿ ಇಲ್ಲದಿದ್ದರೂ ಅದು ನನಗೆ ಸಾಕಷ್ಟು ಹೇಳುತ್ತದೆ.

ಇನ್ನು ಊಟ ಕೊಡುವ ದಾರಿಗಳು. ಮೊದಲ ದಾರಿ ಯಾವಾಗಲೂ ಬಾಯಿಯೇ. ನುಂಗಲು ಬರುತ್ತದೆ ಅಂದರೆ ಮೆತ್ತಗಿನ, ಸತ್ವ ಇರುವ ಊಟವನ್ನು ಸ್ವಲ್ಪ ಸ್ವಲ್ಪ, ಹೆಚ್ಚು ಸಲ ಕೊಟ್ಟು ನೋಡಬೇಕು. ಲಕ್ವಾ ಹೊಡೆದವರಿಗೆ ಮಾತ್ರ ಒಂದು ಎಚ್ಚರ. ನುಂಗುವ ಪರೀಕ್ಷೆ ಆಗುವತನಕ ಬಾಯಿಗೆ ಒಂದು ಗುಟುಕು ನೀರೂ ಹಾಕಬಾರದು. ನಮ್ಮಲ್ಲಿ ಪ್ರೀತಿಯಿಂದ ಚಮಚದಲ್ಲಿ ಚಹಾ ಹಾಕುವವರು ಬಹಳ. ಅದು ಹೊಟ್ಟೆಗೆ ಹೋಗದೇ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಕುಡಿದ ಕೂಡಲೇ ಕೆಮ್ಮು ಬಂದರೆ, ಗಂಟಲಲ್ಲಿ ನೀರು ನಿಂತ ಹಾಗೆ ದನಿ ಗುಳುಗುಳು ಅಂದರೆ ಅಲ್ಲಿಗೇ ನಿಲ್ಲಿಸಬೇಕು.

ಬಾಯಿಂದ ಆಗದಿದ್ದರೆ ಟ್ಯೂಬ್. ಕರುಳು ಕೆಲಸ ಮಾಡುತ್ತಿದ್ದರೆ ಕರುಳನ್ನೇ ಬಳಸಬೇಕು ಅನ್ನುವುದು ಈ ಕೆಲಸದ ಮೊದಲ ನಿಯಮ. ಬಳಸದೇ ಬಿಟ್ಟ ಕರುಳಿನ ಒಳಪದರ ಸೊರಗುತ್ತದೆ. ಅದಕ್ಕೇ ಐಸಿಯುನಲ್ಲೂ ರಕ್ತದೊತ್ತಡ ಹಿಡಿತಕ್ಕೆ ಬಂದ ಮೇಲೆ 24ರಿಂದ 48 ತಾಸಿನ ಒಳಗೆ ಟ್ಯೂಬ್ ಊಟ ಶುರುಮಾಡುವುದು ರೂಢಿ.

ಮೂಗಿನಿಂದ ಹೊಟ್ಟೆಗೆ ಇಳಿಯುವ ನಳಿಗೆಯನ್ನು ನಮ್ಮಲ್ಲಿ ರೈಲ್ಸ್ ಟ್ಯೂಬ್ ಅನ್ನುತ್ತಾರೆ. ಜಾನ್ ರೈಲ್ ಅನ್ನುವ ಇಂಗ್ಲಿಷ್ ಡಾಕ್ಟರ ಹೆಸರು ಅದು. ಹೋದ ಶತಮಾನದ ಇಪ್ಪತ್ತರ ದಶಕದಲ್ಲಿ ಅವರು ಅದನ್ನು ಮಾಡಿದ್ದು ಹೊಟ್ಟೆಯ ರಸವನ್ನು ಪರೀಕ್ಷೆಗೆ ಹೊರತೆಗೆಯಲು. ಈಗ ನಾವು ಅದೇ ದಾರಿಯಲ್ಲಿ ಊಟ ಒಳಗೆ ಕಳಿಸುತ್ತೇವೆ. ಎಷ್ಟು ಉದ್ದ ಒಳಗೆ ಹೋಗಬೇಕು ಅಂತ ಮೂಗಿನ ತುದಿಯಿಂದ ಕಿವಿಯ ಹಾಲೆ, ಅಲ್ಲಿಂದ ಎದೆಯ ನಡುಮೂಳೆಯ ಕೆಳತುದಿಯತನಕ ಅಳೆಯುತ್ತಾರೆ. ದೊಡ್ಡ ಅಪಾಯ ಅಂದರೆ ಟ್ಯೂಬ್ ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗುವುದು. ಸಿರಿಂಜಿನಿಂದ ಗಾಳಿ ಹಾಕಿ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುವ ಹಳೇ ಪದ್ಧತಿ ಇನ್ನೂ ನಡೆಯುತ್ತದೆ. ಅದನ್ನು ನಂಬಬಾರದು. ಶ್ವಾಸಕೋಶದಲ್ಲಿದ್ದರೂ ಅದೇ ಸದ್ದು ಬರಬಹುದು. ಹೊಟ್ಟೆಯ ರಸ ಎಳೆದು, ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ ಪಟ್ಟಿಗೆ ಹಚ್ಚಿದಾಗ 5.5 ಅಥವಾ ಅದಕ್ಕಿಂತ ಕಡಿಮೆ ಬರಬೇಕು. ಬಾರದಿದ್ದರೆ, ಅನುಮಾನ ಇದ್ದರೆ ಎಕ್ಸ್‌ರೇ. ಟ್ಯೂಬಿನ ಮೇಲೆ ಸೆ.ಮೀ. ಗುರುತು ಇರುತ್ತದೆ. ಮೂಗಿನ ಹತ್ತಿರ ಯಾವ ಅಂಕಿ ಇದೆ ಅಂತ ಬರೆದಿಟ್ಟುಕೊಳ್ಳಿ. ಪ್ರತಿ ಸಲ ಊಟ ಹಾಕುವ ಮುಂಚೆ ಅದೇ ಅಂಕಿ ಇದೆಯಾ ನೋಡಿ. ಬದಲಾಗಿದ್ದರೆ ಹಾಕಬೇಡಿ.

ನಾಲ್ಕರಿಂದ ಆರು ವಾರಕ್ಕಿಂತ ಹೆಚ್ಚು ದಿನ ಟ್ಯೂಬ್ ಬೇಕಾಗುತ್ತದೆ ಅಂತ ಅನಿಸಿದರೆ ಪೆಗ್ ಬಗ್ಗೆ ಡಾಕ್ಟರನ್ನು ಕೇಳಬೇಕು. ಪೆಗ್ ಅಂದರೆ ಹೊಟ್ಟೆಯ ಗೋಡೆಯಿಂದ ನೇರವಾಗಿ ಜಠರಕ್ಕೆ ಹಾಕುವ ಸಣ್ಣ ನಳಿಗೆ. ದೊಡ್ಡ ಆಪರೇಷನ್ ಇಲ್ಲದೇ, ಎಂಡೋಸ್ಕೋಪಿ, ಅಂದರೆ ಬಾಯಿಂದ ಇಳಿಸುವ ಕ್ಯಾಮೆರಾ ನಳಿಗೆಯ ಸಹಾಯದಿಂದ ಹಾಕುತ್ತಾರೆ. ಅಮೆರಿಕದ ಕ್ಲೀವ್ಲೆಂಡಿನಲ್ಲಿ 1979ರಲ್ಲಿ ಗಾಡರರ್ ಮತ್ತು ಪಾನ್ಸ್ಕಿ ಅನ್ನುವ ಇಬ್ಬರು ಡಾಕ್ಟರು ಒಂದು ಹಸುಗೂಸಿಗೆ ಮೊದಲ ಸಲ ಹಾಕಿದರು. "ಹೊಟ್ಟಿಗೆ ತೂತು ಹಾಕ್ತಾರಂತ" ಅಂತ ನಮ್ಮ ಮಂದಿ ಹೆದರುತ್ತಾರೆ. ಹೆದರಿಕೆ ಅರ್ಥ ಆಗುತ್ತದೆ. ಆದರೆ ಮೂಗಿನ ಟ್ಯೂಬ್ ತಿಂಗಳುಗಟ್ಟಲೆ ಇದ್ದರೆ ಮೂಗಿನ ಹೊಳ್ಳೆ ಹುಣ್ಣಾಗುತ್ತದೆ, ಗಂಟಲು ಕೆರೆಯುತ್ತದೆ, ರೋಗಿ ನಿದ್ದೆಯಲ್ಲಿ ಕಿತ್ತುಕೊಳ್ಳುತ್ತಾನೆ. ಪೆಗ್ ಅಂಗಿಯ ಒಳಗೆ ಮುಚ್ಚಿಹೋಗುತ್ತದೆ, ಮುಖ ಮುಖದ ಹಾಗೇ ಇರುತ್ತದೆ. ಮೊಮ್ಮಕ್ಕಳು ಹತ್ತಿರ ಬರಲು ಹೆದರುವುದಿಲ್ಲ. ಇದು ಸಣ್ಣ ಮಾತಲ್ಲ.

ಕರುಳೇ ಕೆಲಸ ಮಾಡದಿದ್ದರೆ, ಕರುಳಿನ ಬಹುಪಾಲು ತೆಗೆದುಹಾಕಿದ್ದರೆ, ಆಗ ರಕ್ತನಾಳದ ಮೂಲಕ ಪೂರ್ತಿ ಊಟ. ಟಿಪಿಎನ್ ಅನ್ನುತ್ತಾರೆ. ಇದು ಸಲಾಯಿನ್ ಅಲ್ಲ. ಇದರಲ್ಲಿ ಗ್ಲೂಕೋಸ್, ಕೊಬ್ಬು, ಪ್ರೋಟೀನ್ ಕಟ್ಟುವ ಅಮೈನೋ ಆಮ್ಲ, ವಿಟಮಿನ್, ಲವಣ ಎಲ್ಲ ಇರುತ್ತದೆ. 1960ರ ದಶಕದ ಕೊನೆಗೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಜೊತೆಯವರು ನಾಯಿಮರಿಗಳನ್ನು ಬರೀ ರಕ್ತನಾಳದ ಊಟದ ಮೇಲೆ ಬೆಳೆಸಿ, ಆಮೇಲೆ ಕರುಳು ಸರಿ ಇಲ್ಲದ ಒಂದು ಕೂಸನ್ನೂ ಬೆಳೆಸಿ ತೋರಿಸಿದರು. ದ್ರಾವಣ ಬಹಳ ಗಟ್ಟಿ ಇರುವುದರಿಂದ ಸಾಮಾನ್ಯವಾಗಿ ಎದೆಯ ದೊಡ್ಡ ರಕ್ತನಾಳಕ್ಕೇ ಕೊಡಬೇಕು. ಒಂದು ಕೊಳಕು ಕೈ ತಾಗಿದರೂ ಸೋಂಕು ನೇರ ರಕ್ತಕ್ಕೆ. ಮನೆಯಲ್ಲಿ ಇದನ್ನು ಮಾಡಲು ಪಂಪು, ಫ್ರಿಜ್ಜು, ನಿಲ್ಲದ ಕರೆಂಟು, ಪಳಗಿದ ಕೈ ಎಲ್ಲ ಬೇಕು. ಹಾಗಾಗಿ ಮನೆಯ ಮಾತು ಬಂದಾಗ ನಾನು ಹೆಚ್ಚಾಗಿ ಹೇಳುವುದು ಟ್ಯೂಬಿನ ಬಗ್ಗೆಯೇ.

ಮತ್ತೆ ಆ ಅಜ್ಜನ ಹತ್ತಿರ ಬರೋಣ. ಮಗನಿಗೆ ಲೆಕ್ಕ ತಿಳಿದ ಕೂಡಲೇ ಅವನು ಹೇಳಿದ, "ಹಂಗಾರ ಇವತ್ತ ಪೂರಾ ಹಾಕೂಣ್ರಿ." ಬೇಡ ಅಂದೆ. ಇದು ಎಲ್ಲರಿಗೂ ಆಶ್ಚರ್ಯ ಆಗುವ ಮಾತು. ಉಪವಾಸ ಬಿದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಕೊಟ್ಟರೆ ಸಾಯಬಹುದು. ಎರಡನೇ ಮಹಾಯುದ್ಧ ಮುಗಿದಾಗ ಸೆರೆಯಿಂದ ಬಿಡುಗಡೆಯಾದ ಹಸಿದ ಸೈನಿಕರಲ್ಲಿ ಡಾಕ್ಟರು ಇದನ್ನು ಕಣ್ಣಾರೆ ಕಂಡರು. ರೀಫೀಡಿಂಗ್ ಸಿಂಡ್ರೋಮ್ ಅಂತ ಹೆಸರು.

ಒಳಗೆ ನಡೆಯುವುದು ಹೀಗೆ. ಊಟ ಸಿಗದ ದೇಹ ತನ್ನ ಕೊಬ್ಬು, ಸ್ನಾಯು ಕರಗಿಸಿ ಬದುಕುತ್ತಿರುತ್ತದೆ. ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳ ಗಂಟು ಖಾಲಿಯಾಗಿರುತ್ತದೆ. ರಕ್ತದಲ್ಲಿ ಮಾತ್ರ ಸರಿ ಇದ್ದಂತೆ ಕಾಣಬಹುದು. ಒಮ್ಮೆಲೇ ಪಿಷ್ಟ, ಸಕ್ಕರೆ ಬಂದಾಗ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಆ ಲವಣಗಳನ್ನು ರಕ್ತದಿಂದ ಜೀವಕೋಶದ ಒಳಗೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಅವು ಕುಸಿಯುತ್ತವೆ. ಎದೆಬಡಿತ ತಪ್ಪುತ್ತದೆ, ಉಸಿರಾಡುವ ಸ್ನಾಯು ಸೋಲುತ್ತದೆ. ಸಕ್ಕರೆ ಉರಿಸಲು ಬೇಕಾದ ಥಯಾಮಿನ್ ವಿಟಮಿನ್ ಕೂಡ ಮುಗಿದುಹೋಗುತ್ತದೆ.

ಮೂರರಿಂದ ಆರು ತಿಂಗಳಲ್ಲಿ ತೂಕ 15 ಪರ್ಸೆಂಟಿಗಿಂತ ಜಾಸ್ತಿ ಇಳಿದಿದ್ದರೆ, ಇಲ್ಲವೇ ಹತ್ತು ದಿನಕ್ಕಿಂತ ಹೆಚ್ಚು ಕಾಲ ಹೊಟ್ಟೆಗೆ ಏನೂ ಬೀಳದಿದ್ದರೆ ಈ ಅಪಾಯ ಜಾಸ್ತಿ. ಅಜ್ಜ ಏಳೇ ವಾರದಲ್ಲಿ 16 ಪರ್ಸೆಂಟ್ ಇಳಿದಿದ್ದರು. ಮೊದಲು ಥಯಾಮಿನ್ ಕೊಟ್ಟೆವು. ಕೆ.ಜಿ.ಗೆ 10 ಕ್ಯಾಲೊರಿಯಂತೆ 460ರಿಂದ ಶುರು. ಮಗನ ಗಂಜಿಗಿಂತ ಸ್ವಲ್ಪವೇ ಮೇಲೆ! ಅವನಿಗೆ ಬೇಜಾರಾಯಿತು. ದಿನಾ ರಕ್ತ ತೆಗೆದು ಲವಣ ನೋಡಿದೆವು. ಮೂರನೇ ದಿನ ಫಾಸ್ಫೇಟ್ ಇಳಿಯಿತು. ಅದನ್ನು ತುಂಬಿಕೊಟ್ಟು, ಅಲ್ಲೇ ಒಂದು ದಿನ ನಿಂತು, ಮತ್ತೆ ಮೆಲ್ಲಗೆ ಏರಿಸಿದೆವು. ಪೂರ್ತಿ ಅಳತೆಗೆ ಬರಲು ಒಂದು ವಾರ ಹಿಡಿಯಿತು. ಮನೆಯಲ್ಲೇ ಯಾರಾದರೂ ಒಮ್ಮೆಲೇ ಜಾಸ್ತಿ ಮಾಡಿದ್ದರೆ ಆ ಮೂರನೇ ದಿನ ಏನಾಗುತ್ತಿತ್ತೋ.

ಈಗ ಮನೆಯ ಮಾತು. ಮನೆಗೆ ಕಳಿಸುವ ತಯಾರಿ ಡಿಸ್ಚಾರ್ಜ್ ದಿನ ಶುರುವಾಗಬಾರದು. ಟ್ಯೂಬ್ ಹಾಕಿದ ದಿನವೇ ಶುರುವಾಗಬೇಕು. ನೋಡಿಕೊಳ್ಳುವವರು ಯಾರು ಅಂತ ಮೊದಲು ಕೇಳಬೇಕು. ಆಸ್ಪತ್ರೆಯಲ್ಲಿ ನಿಲ್ಲುವುದು ಮಗ, ಮನೆಯಲ್ಲಿ ಊಟ ಹಾಕುವುದು ಸೊಸೆ. ಹೀಗಾಗಿ ಕಲಿತವರು ಒಬ್ಬರು, ಮಾಡುವವರು ಒಬ್ಬರು ಆಗುತ್ತದೆ. ಸೊಸೆಯನ್ನು ಕರೆಸಿ ಅಂತ ನಾನು ಹಟ ಹಿಡಿಯುತ್ತೇನೆ. ಅಜ್ಜನ ಸೊಸೆ ಎರಡು ದಿನ ಇದ್ದು, ನಮ್ಮ ನರ್ಸ್ ಎದುರಿಗೆ ತಾನೇ ಐದು ಸಲ ಊಟ ಹಾಕಿ ತೋರಿಸಿದಳು. ಮೊದಲ ಸಲ ಕೈ ನಡುಗಿ ಸಿರಿಂಜು ಸೆರಗಿನ ಮೇಲೆ ಚೆಲ್ಲಿತು. ಐದನೇ ಸಲಕ್ಕೆ ಮಾವನ ಜೊತೆ ಮಾತಾಡುತ್ತಾ ಹಾಕುತ್ತಿದ್ದಳು.

ಅವಳಿಗೆ ಬರೆದುಕೊಟ್ಟ ಅಳತೆ ಇದು. 200 ಮಿ.ಲೀ. ಹಾಲು. ಹುರಿದು ಬೀಸಿದ ಹೆಸರುಬೇಳೆ ಹಿಟ್ಟು 20 ಗ್ರಾಂ, ನೀರಲ್ಲಿ ಚೆನ್ನಾಗಿ ಬೇಯಿಸಿದ್ದು. ಒಂದು ಚಮಚ ಎಣ್ಣೆ, ಒಂದು ಚಮಚ ಸಕ್ಕರೆ. ಸುಮಾರು 265 ಕ್ಯಾಲೊರಿ, 11 ಗ್ರಾಂ ಪ್ರೋಟೀನ್. ಆರು ಸಲಕ್ಕೆ 1590 ಕ್ಯಾಲೊರಿ, 66 ಗ್ರಾಂ ಪ್ರೋಟೀನ್. ಅದೇ ಆರು ಸಲ, ಅದೇ ಟ್ಯೂಬ್. ಮಗ ಹಾಳೆಯನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದ. ಇದು ಆ ಅಜ್ಜನ ಅಳತೆ, ನೆನಪಿರಲಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರಿಗೆ ಬೇರೆಯೇ ಆಗುತ್ತದೆ. ವಿಟಮಿನ್, ಉಪ್ಪು, ನೀರಿನ ಲೆಕ್ಕವೂ ಬೇರೆ ಇರುತ್ತದೆ. ನಿಮ್ಮ ರೋಗಿಗೆ ನಿಮ್ಮ ಡಯಟಿಷಿಯನ್ ಬರೆದುಕೊಡಬೇಕು. ಅಂಗಡಿಯ ಡಬ್ಬಿ ಪುಡಿಯಲ್ಲಿ ಎಲ್ಲ ಅಳೆದು ಹಾಕಿರುತ್ತಾರೆ, ಟ್ಯೂಬೂ ಕಟ್ಟುವುದಿಲ್ಲ. ಆದರೆ ತಿಂಗಳುಗಟ್ಟಲೆ ಕೊಳ್ಳುವುದು ಎಲ್ಲರ ಕೈಲಿ ಆಗುವುದಿಲ್ಲ. ದುಡ್ಡಿನ ಚಿಂತೆಗೆ ಡಬ್ಬಿಯ ಪುಡಿಯನ್ನು ಅರ್ಧ ಅಳತೆಯಲ್ಲಿ ಕಲಸಿ ಕೊಡುವುದಕ್ಕಿಂತ, ಮನೆಯ ಊಟವನ್ನು ಪೂರ್ತಿ ಅಳತೆಯಲ್ಲಿ ಕೊಡುವುದು ಎಷ್ಟೋ ವಾಸಿ.

ಹಿಟ್ಟು ಜಾಸ್ತಿಯಾದರೆ ಗಟ್ಟಿಯಾಗುತ್ತದೆ, ನೀರು ಹಾಕಿದರೆ ಸತ್ವ ಹೋಗುತ್ತದೆ. ಇದಕ್ಕೆ ನಮ್ಮ ಅಡುಗೆಮನೆಯಲ್ಲೇ ಉಪಾಯ ಇದೆ. ರಾಗಿ ಅಥವಾ ಗೋಧಿಯನ್ನು ಮೊಳಕೆ ಕಟ್ಟಿಸಿ, ಒಣಗಿಸಿ, ಸ್ವಲ್ಪವೇ ಹುರಿದು ಬೀಸಿದ ಹಿಟ್ಟನ್ನು ಬೆಂದ ಗಂಜಿ ಇನ್ನೂ ಬಿಸಿ ಇರುವಾಗ ಒಂದು ಚಮಚ ಕಲಸಿ. ಮೊಳಕೆಯಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಗಟ್ಟಿ ಗಂಜಿ ಕಣ್ಣೆದುರೇ ತೆಳ್ಳಗಾಗುತ್ತದೆ. ಆಮೇಲೆ ಒಂದು ಕುದಿ ಕುದಿಸಿ ಆರಿಸಿ. ಜೋಳವನ್ನು ಮಾತ್ರ ಮೊಳಕೆ ಕಟ್ಟಿಸಬೇಡಿ. ಎಳೆ ಜೋಳ ಮೇಯ್ದು ದನ ಸತ್ತದ್ದನ್ನು ನಮ್ಮ ರೈತರು ನೋಡಿದ್ದಾರೆ, ಅಲ್ವಾ? ಆ ವಿಷ ಜೋಳದ ಮೊಳಕೆಯಲ್ಲೂ ಇರುತ್ತದೆ.

ಊಟ ಹಾಕುವಾಗ ತಲೆದಿಂಬು ಏರಿಸಿ ರೋಗಿಯನ್ನು ಅರ್ಧ ಕುಳಿತಂತೆ ಮಾಡಿ, 30ರಿಂದ 45 ಡಿಗ್ರಿ. ಮುಗಿದ ಮೇಲೂ ಒಂದು ತಾಸು ಹಾಗೇ ಇರಲಿ. ಸಿರಿಂಜಿನ ಒಳಗಿನ ಒತ್ತುವ ದಂಡ ಬಳಸಬೇಡಿ, ಅದನ್ನು ತೆಗೆದಿಟ್ಟು ಬರೀ ಕೊಳವೆಯನ್ನು ಎತ್ತಿ ಹಿಡಿಯಿರಿ. ತನ್ನ ಭಾರಕ್ಕೆ ತಾನೇ ಇಳಿಯಲಿ. ಹದಿನೈದು ಇಪ್ಪತ್ತು ನಿಮಿಷ ಹಿಡಿದರೆ ಹಿಡಿಯಲಿ. ಮೊದಲು 30 ಮಿ.ಲೀ. ನೀರು, ಕೊನೆಗೆ 30 ಮಿ.ಲೀ. ನೀರು. ಕೊನೆಯ ನೀರು ಮರೆತರೆ ಟ್ಯೂಬ್ ಕಟ್ಟುತ್ತದೆ. ಕಟ್ಟಿದರೆ ಉಗುರುಬೆಚ್ಚಗಿನ ನೀರು ಹಾಕಿ ಮೆಲ್ಲಗೆ ಹಿಂದೆ ಮುಂದೆ ಮಾಡಿ. ತಂತಿ ತೂರಿಸಬೇಡಿ, ಕೋಲಾ ಹಾಕಬೇಡಿ.

ವಿಜಯಪುರದ ಏಪ್ರಿಲ್ ಬಿಸಿಲು ಗೊತ್ತಲ್ಲ. ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಹುಳಿ ಬರುತ್ತದೆ. ಮನೆಯಲ್ಲಿ ಮಾಡಿದ ಟ್ಯೂಬ್ ಊಟವನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದು. ಫ್ರಿಜ್ ಇಲ್ಲದಿದ್ದರೆ ಆಯಾ ಹೊತ್ತಿಗೆ ಮಾಡುವುದೇ ಸರಿ. ಟ್ಯೂಬ್ ಊಟಕ್ಕೆ ಭೇದಿ ಆಗುತ್ತದೆ ಅಂತ ದೂರುವವರ ಮನೆಯಲ್ಲಿ ನಾನು ಮೊದಲು ನೋಡುವುದು ಪಾತ್ರೆ, ಸಿರಿಂಜು, ಕೈ. ಸಿರಿಂಜನ್ನು ಪ್ರತಿ ಸಲ ಸೋಪು ನೀರಲ್ಲಿ ಬಿಚ್ಚಿ ತೊಳೆದು ಒಣಗಿಸಬೇಕು.

ಗುಳಿಗೆಗಳನ್ನು ಊಟದಲ್ಲಿ ಕಲಸಬೇಡಿ. ಒಂದೊಂದನ್ನೂ ಬೇರೆ ಬೇರೆ ನುಣ್ಣಗೆ ಪುಡಿ ಮಾಡಿ, ನೀರಲ್ಲಿ ಕಲಸಿ, ನಡುವೆ ನೀರು ಹಾಕಿ ಕೊಡಿ. ಮೆಲ್ಲಗೆ ಬಿಡುಗಡೆಯಾಗುವಂತೆ ಮಾಡಿದ ಗುಳಿಗೆಯನ್ನು ಪುಡಿ ಮಾಡಲೇಬಾರದು. ಇಡೀ ದಿನದ ಮದ್ದು ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮದ್ದನ್ನು ಟ್ಯೂಬ್ ಊಟದ ಜೊತೆ ಕೊಟ್ಟರೆ ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅದಕ್ಕೂ ಊಟಕ್ಕೂ ಒಂದೆರಡು ತಾಸು ಅಂತರ ಬೇಕು. ಹೀಗಾಗಿ ಡಿಸ್ಚಾರ್ಜ್‌ಗೆ ಮುಂಚೆ ಎಲ್ಲ ಗುಳಿಗೆ ಫಾರ್ಮಸಿಸ್ಟ್ ಮುಂದೆ ಇಟ್ಟು, "ಇವು ಟ್ಯೂಬಿನಲ್ಲಿ ಹೋಗ್ತಾವಾ?" ಅಂತ ಒಂದೊಂದಾಗಿ ಕೇಳಿಕೊಳ್ಳಿ. ಬಾಯಿಂದ ಉಣ್ಣದಿದ್ದರೂ ದಿನಕ್ಕೆರಡು ಸಲ ಬಾಯಿ, ಹಲ್ಲು ಒರೆಸಿ. ಕೊಳೆತ ಬಾಯಿಯ ಜೊಲ್ಲು ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾ ಬರುತ್ತದೆ.

ಮೂಗಿನ ಟ್ಯೂಬ್ ಕಿತ್ತು ಬಂದರೆ ಮನೆಯಲ್ಲಿ ತಿರುಗಿ ಹಾಕಲು ಹೋಗಬೇಡಿ. ಹತ್ತಿರದ ಆಸ್ಪತ್ರೆಗೆ ಬನ್ನಿ. ಪೆಗ್ ಕಿತ್ತು ಬಂದರೆ ಇನ್ನೂ ಅವಸರ. ಆ ತೂತು ಕೆಲವೇ ತಾಸಿನಲ್ಲಿ ಮುಚ್ಚಲು ಶುರುವಾಗುತ್ತದೆ. ಪೆಗ್ ಹಾಕಿ ಒಂದು ತಿಂಗಳೂ ಆಗಿಲ್ಲದಿದ್ದರೆ ಯಾರೂ ಏನನ್ನೂ ಒಳಗೆ ತೂರಿಸಬಾರದು. ಊಟ ಹಾಕುವಾಗ ಕೆಮ್ಮು, ಉಸಿರುಗಟ್ಟು, ಮುಖ ನೀಲಿಯಾಗುವುದು ಕಂಡರೆ ಆ ಕ್ಷಣ ನಿಲ್ಲಿಸಿ 108ಕ್ಕೆ ಫೋನ್ ಮಾಡಿ.

ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರು ಜಿಲ್ಲೆಗಳ ರೋಗಿಗಳು ಒಂದೇ ಊರಿಗೆ ಹೋಗುವುದಿಲ್ಲ. ಅಥಣಿಯವರು ಮಿರಜಿಗೆ, ಇಂಡಿಯವರು ಸೊಲ್ಲಾಪುರಕ್ಕೆ, ಮುಧೋಳದವರು ಬೆಳಗಾವಿಗೋ ಬಾಗಲಕೋಟೆಗೋ. ಟ್ಯೂಬ್ ಹಾಕಿದ ಡಾಕ್ಟರು ನೂರು ಕಿ.ಮೀ. ದೂರ. ಊರಿನ ಡಾಕ್ಟರಿಗೆ ಕಥೆ ಗೊತ್ತಿಲ್ಲ. ಅದಕ್ಕೇ ಕನ್ನಡದಲ್ಲಿ ಬರೆದ ಒಂದು ಹಾಳೆ ಬೇಕು. ಯಾವ ಟ್ಯೂಬ್, ಯಾವ ದಿನ ಹಾಕಿದ್ದು, ಮೂಗಿನ ಹತ್ತಿರ ಎಷ್ಟು ಸೆ.ಮೀ., ಯಾವ ದಿನ ಬದಲಿಸಬೇಕು, ಊಟದ ಅಳತೆ, ತೂಕ, ತೊಂದರೆಯಾದರೆ ಯಾರಿಗೆ ಫೋನ್. ಆ ಫೋನ್ ಎತ್ತುವ ಮನುಷ್ಯ ಇರಬೇಕು. ಊರಿನ ಸಮುದಾಯ ಆರೋಗ್ಯ ಅಧಿಕಾರಿಗೆ, ಆಶಾ ಕಾರ್ಯಕರ್ತೆಗೆ ಹಾಳೆ ತೋರಿಸಿ. ಟ್ಯೂಬ್ ಹಾಕುವುದು ಆಶಾ ಅವರ ಕೆಲಸ ಅಲ್ಲ. ಆದರೆ ತೋಳಿನ ಸುತ್ತಳತೆ ನೋಡಿ, ಇಳಿಯುತ್ತಿದೆ ಅಂತ ತಿಳಿಸುವ ಕಣ್ಣು ಮನೆಯ ಹತ್ತಿರವೇ ಇದ್ದಂತಾಗುತ್ತದೆ.

ಎಲ್ಲರೂ ಮರೆಯುವ ಇನ್ನೊಂದು ಕೆಲಸ, ಟ್ಯೂಬ್ ಇನ್ನೂ ಬೇಕಾ ಅಂತ ಕೇಳುವುದು. ಲಕ್ವಾ ಹೊಡೆದವರಲ್ಲಿ ಬಹಳ ಜನರಿಗೆ ಕೆಲವು ವಾರಗಳಲ್ಲಿ ನುಂಗುವ ಶಕ್ತಿ ವಾಪಸ್ ಬರುತ್ತದೆ. ಆದರೆ ಯಾರೂ ಪರೀಕ್ಷೆ ಮಾಡದೇ, ಟ್ಯೂಬ್ ಇದೆ ಅಂತ ಟ್ಯೂಬಿನಲ್ಲೇ ಹಾಕುತ್ತಾ ಹೋಗುತ್ತಾರೆ. ತಿಂಗಳಿಗೊಮ್ಮೆ ನುಂಗುವ ಪರೀಕ್ಷೆ ಕೇಳಿ ಮಾಡಿಸಿ.

ಕಷ್ಟದ ಮಾತೂ ಒಂದಿದೆ. ಮರೆವಿನ ಕಾಯಿಲೆ ಕೊನೆಯ ಹಂತಕ್ಕೆ ಬಂದು ಊಟ ಬಿಟ್ಟ ಹಿರಿಯರಿಗೆ ಟ್ಯೂಬ್ ಹಾಕಿದರೆ ಆಯಸ್ಸು ಹೆಚ್ಚುತ್ತದೆ, ನ್ಯುಮೋನಿಯಾ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ವೃದ್ಧರ ಆರೈಕೆಯ ತಜ್ಞರು ಟ್ಯೂಬಿಗಿಂತ ಕೈತುತ್ತೇ ಮೇಲು ಅನ್ನುತ್ತಾರೆ. ಎಷ್ಟು ಹೋಗುತ್ತದೋ ಅಷ್ಟು, ಮೆಲ್ಲಗೆ, ಪಕ್ಕದಲ್ಲಿ ಕುಳಿತು. "ಅವ್ವನ್ನ ಉಪವಾಸ ಕೆಡವಿದಂಗ ಆಗೂದಿಲ್ಲೇನ್ರಿ?" ಅಂತ ಮಕ್ಕಳು ಅಳುತ್ತಾರೆ. ಆ ಹಂತದಲ್ಲಿ ದೇಹವೇ ಊಟ ಬೇಡ ಅನ್ನುತ್ತಿರುತ್ತದೆ, ನೀವು ಕೆಡವುತ್ತಿಲ್ಲ ಅಂತ ಹೇಳುತ್ತೇನೆ. ಒಂದೇ ಸಲ ಹೇಳಿದರೆ ಸಾಲದು. ಮನೆಯವರೆಲ್ಲ ಕೂತು, ಡಾಕ್ಟರನ್ನೂ ಕೂರಿಸಿಕೊಂಡು ಆಡಬೇಕಾದ ಮಾತು.

ಅಜ್ಜನ ಸೊಸೆಗೆ ನಾನು ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು ಕಳಿಸಿದ್ದೆ. ಪ್ರತಿ ಊಟ, ಪ್ರತಿ ವಾರದ ತೂಕ ಬರೆಯಲು. ತೂಕಕ್ಕೆ ಊರಿನ ಗಿರಣಿಯ ತಕ್ಕಡಿ. ಮಗ ಅಪ್ಪನನ್ನು ಎತ್ತಿಕೊಂಡು ನಿಂತು, ಆಮೇಲೆ ತನ್ನ ತೂಕ ಕಳೆಯುತ್ತಿದ್ದ. 46, 46, 47, 47, 48. ಮೂರು ತಿಂಗಳಾದ ಮೇಲೆ ನುಂಗುವ ಪರೀಕ್ಷೆಗೆ ಕರೆತಂದಾಗ ಅವರು ಪಾಸಾದರು. ಮೊದಲು ದಿನಕ್ಕೆ ಒಂದೆರಡು ಚಮಚ ಮಾತ್ರ ಬಾಯಿಂದ, ಉಳಿದದ್ದು ಟ್ಯೂಬಿನಲ್ಲಿ ಅಂತ ಹೇಳಿ ಕಳಿಸಿದೆ. ಮಾರನೇ ದಿನ ಸಂಜೆ ಸೊಸೆ ಆ ನೋಟ್‌ಬುಕ್ಕಿನ ಫೋಟೋ ಕಳಿಸಿದಳು. ಕೊನೆಯ ಸಾಲಿನಲ್ಲಿ ಬರೆದಿದ್ದಳು: ಬಾಯಿಲೆ ನುಚ್ಚು, ಮಸರ ಕಲಸಿದ್ದು, ಎರಡು ಚಮಚ. ಕೆಮ್ಮಲಿಲ್ಲ.